ಅಯ್ಯನವರ ರಕ್ತದಲ್ಲಿ ಕಾಣದ ಕೆಂಪು ಕಣ

ಸೂಜಿ ಚುಚ್ಚುವ ಮುನ್ನ ಜಯಮಾಲಾ, ಮಠದ ಅಯ್ಯ ರಾಚಯ್ಯನವರ ಮುಖವನ್ನು ಒಮ್ಮೆ ನೋಡಿದಳು. ನೋಡಿದ್ದು ಭಕ್ತಿಯಿಂದಲ್ಲ.

ತುಂಬಿದ ಕೆನ್ನೆ, ದುಂಡು ಗಲ್ಲ, ಮೂಗಿನ ಎರಡೂ ಕಡೆ ಕೆಂಪು ಹೊಳಪು. ನಾಗರ ಪಂಚಮಿಯವರೆಗೆ ಈ ಮನುಷ್ಯನ ಕೆನ್ನೆಯಲ್ಲಿ ಎರಡು ಹಳ್ಳಗಳಿದ್ದವು. ಶ್ರಾವಣದ ಅನುಷ್ಠಾನದಿಂದ ಅಯ್ಯನವರಿಗೆ ಕಳೆ ಏರಿದೆಯೆಂದು ದಾಳಿಂಬ ಊರಿನ ಜನ ಸಿಕ್ಕಲ್ಲಿ ಕಾಲಿಗೆ ಬೀಳುತ್ತಿದ್ದರು. ಜಯಮಾಲಾ ಹದಿನಾರು ವರ್ಷದಿಂದ ಉಮರ್ಗಾದ ಲ್ಯಾಬಿನಲ್ಲಿ ಊರವರ ರಕ್ತ ನೋಡಿಯೇ ಬದುಕಿದವಳು. ಮುಖಕ್ಕೆ ಕಳೆ ಅನುಷ್ಠಾನದಿಂದಲೂ ಏರುತ್ತದೆ, ಗುಳಿಗೆಯಿಂದಲೂ ಏರುತ್ತದೆ ಎಂಬುದು ಅವಳಿಗೆ ಗೊತ್ತಿತ್ತು.

ಚುಚ್ಚಿದಳು. ಒಂದು ಹನಿಯಿಂದ ಸಕ್ಕರೆ ನೋಡಿದಳು. ಇನ್ನೊಂದು ಹನಿಯನ್ನು ಗಾಜಿನ ಪಟ್ಟಿಯ ತುದಿಗೆ ತಾಗಿಸಿ, ಇನ್ನೊಂದು ಗಾಜಿನಿಂದ ತೆಳ್ಳಗೆ ಎಳೆದಳು.

"ಸಕ್ರಿ ನೋಡತೀನಂತ ಕರೆದಿದ್ದಿ. ಇದ್ಯಾಕ ಹಚ್ಚಲತ್ತಿ ತಾಯಿ?" ರಾಚಯ್ಯನವರು ಬೆರಳು ಒತ್ತಿ ಹಿಡಿದುಕೊಂಡು ಕೇಳಿದರು.

"ಪದ್ಧತಿರೀ ಅಯ್ಯನೋರೆ. ಯಾರ ರಕ್ತ ತಗೊಂಡ್ರೂ ಒಂದು ಗಾಜು ಮಾಡಿ ಇಡತೀನಿ."

ಅದು ಸುಳ್ಳಲ್ಲ. ಬೇರೆ ತಪಾಸಣೆಯವರು ಗಾಜನ್ನು ಸಾಬೂನಿನಲ್ಲಿ ತೊಳೆದು ಮತ್ತೆ ಬಳಸುತ್ತಿದ್ದರು. ಜಯಮಾಲಾ ಮಾತ್ರ ಒಂದು ವರ್ಷದ ಗಾಜುಗಳನ್ನು ಮರದ ಪೆಟ್ಟಿಗೆಯಲ್ಲಿ ಸಾಲಾಗಿ ನಿಲ್ಲಿಸಿ, ಅಂಚಿಗೆ ಕನ್ನಡದಲ್ಲಿ ಹೆಸರು ಬರೆದಿಡುತ್ತಿದ್ದಳು. ಮರಾಠಿ ಊರಿನಲ್ಲಿ ಆ ಅಕ್ಷರ ಓದುವವರು ಕಡಿಮೆ. ಆಕೆಗೆ ಅದೇ ಬೀಗವಾಗಿತ್ತು.

ಮೂಲೆಯ ಬೆಂಚಿನ ಮೇಲೆ ಮೀನಲ ಕೂತಿದ್ದಳು. ಮಧ್ಯಾಹ್ನದಿಂದ ಒಂದು ಲೋಟ ನೀರು ಬಿಟ್ಟರೆ ಬೇರೇನೂ ಬಾಯಿಗೆ ಹಾಕಿಕೊಂಡಿರಲಿಲ್ಲ. ಬುಧವಾರ ಅವಳ ಅತ್ತೆ ಶಿವಗಂಗಾಬಾಯಿ ದಮ್ಮು ಕಟ್ಟಿ ಸತ್ತಿದ್ದಳು. ಇವತ್ತು ಭಾನುವಾರ. ಸೊಸೆಯೇ ಮದ್ದು ಕೊಡದೆ ಕೊಂದಳೆಂದು ಶಿವಗಂಗಾಬಾಯಿಯ ಮೈದುನ, ಪಂಡಿತನೆಂಬ ಹೆಸರಿನವನು, ಠಾಣೆಯಲ್ಲಿ ಫಿರ್ಯಾದು ಕೊಟ್ಟಿದ್ದ. ನಾಲ್ಕು ಗಂಟೆಗೆ ಠಾಣೆಯ ಫೌಜದಾರರು ಬಂದು, ಸತ್ತವಳ ರಕ್ತದ ಬಗ್ಗೆ ಜಯಮಾಲಾ ಬರೆದ ರಿಪೋರ್ಟನ್ನೂ ಮೀನಲಳನ್ನೂ ಒಟ್ಟಿಗೆ ಒಯ್ಯುವವರಿದ್ದರು.

ಗೋಡೆಯ ಗಡಿಯಾರದಲ್ಲಿ ಮೂರೂವರೆ ಆಗಿತ್ತು.

ಜಯಮಾಲಾ ಗಾಜಿನ ಮೇಲೆ ಬಣ್ಣದ ದ್ರಾವಣ ಸುರಿದಳು. ಎರಡು ನಿಮಿಷ ಬಿಟ್ಟು ನೀರು ಸೇರಿಸಬೇಕು, ಆಮೇಲೆ ಹತ್ತು ನಿಮಿಷ ಕಾಯಬೇಕು. ಹನ್ನೆರಡು ನಿಮಿಷ ಅಯ್ಯನವರನ್ನು ಕುರ್ಚಿಯಿಂದ ಏಳಗೊಡಬಾರದು.

ಮುಂಭಾಗದ ಔಷಧಿ ಅಂಗಡಿಗೂ ಈ ಕೋಣೆಗೂ ನಡುವೆ ಇದ್ದದ್ದು ಒಂದು ಹಸಿರು ಪರದೆ. ಅಂಗಡಿ ಅವಳ ತಮ್ಮ ಧನರಾಜನದು. ಅವನು ಗಿರಾಕಿಯೊಬ್ಬನ ಜೊತೆ ಮರಾಠಿಯಲ್ಲಿ ತಮಾಷೆ ಮಾಡಿ ನಗುತ್ತಿದ್ದ. ಆ ನಗು ಕೇಳಿದರೆ ಉಳಿದ ದಿನ ಅವಳಿಗೆ ಜೀವ ಹಗುರಾಗುತ್ತಿತ್ತು. ಅವ್ವ ಹೋದ ಮೇಲೆ ಅವನನ್ನು ಸಾಕಿ, ಓದಿಸಿ, ಅಂಗಡಿ ಹಾಕಿಕೊಟ್ಟವಳು ಅವಳೇ. ಇವತ್ತು ಆ ನಗು ಸ್ವಲ್ಪ ಜಾಸ್ತಿಯಾಯಿತೆನಿಸಿ, ಹಾಗೆನಿಸಿದ್ದಕ್ಕೆ ತನ್ನ ಮೇಲೇ ಸಿಟ್ಟು ಬಂತು.

ಈ ಐದು ದಿನದಲ್ಲಿ ಅವಳು ಯಾರನ್ನೂ ನಂಬದ ಹಾಗಾಗಿದ್ದಳು. ಮೊದಲನೆಯದಾಗಿ ತನ್ನನ್ನೇ.

ಶಿವಗಂಗಾಬಾಯಿಗೆ ದಮ್ಮು ಹತ್ತಿದ್ದು ಭೂಕಂಪದ ವರ್ಷ. ಬಿದ್ದ ಮನೆಗಳ ಮಣ್ಣು ಸರಿಸಿ ಸರಿಸಿ ಎದೆಗೆ ಧೂಳು ಕೂತಿತು ಎಂದು ಆಕೆ ಹೇಳುತ್ತಿದ್ದಳು. ಮೂರು ವರ್ಷದ ಕೆಳಗೆ ಉದಗೀರದ ಡಾಕ್ಟರೊಬ್ಬರು ದಿನಕ್ಕೊಂದು ಬಿಳಿ ಗುಳಿಗೆ ಬರೆದುಕೊಟ್ಟರು, ಸ್ಟೆರಾಯ್ಡ್. ಅದರ ಮೇಲೆ ಆಕೆ ಹೊಲಕ್ಕೆ ಹೋಗಿ ತೊಗರಿ ಬಿಡಿಸುವಷ್ಟು ಗಟ್ಟಿಯಾದಳು. ಗುಳಿಗೆಯಿಂದ ಸಕ್ಕರೆ ಏರುತ್ತದೆಂದು ಆಗಾಗ ಬಂದು ರಕ್ತ ಕೊಡುತ್ತಿದ್ದಳು. ಕಡೆಯ ಸಲ ಬಂದದ್ದು ಸಾಯುವುದಕ್ಕೆ ನಾಲ್ಕು ದಿನ ಮುಂಚೆ, ಶನಿವಾರ. ಜಯಮಾಲಾ ಸಕ್ಕರೆ ನೋಡಿ ಕಳಿಸಿದಳು. ಗಾಜಿಗೆ ಬಣ್ಣ ಹಾಕಿ, ನೋಡದೆ, ಪೆಟ್ಟಿಗೆಯಲ್ಲಿಟ್ಟಳು. ನೋಡಿದ್ದು ಮಣ್ಣು ಮಾಡಿ ಬಂದ ಮೇಲೆ.

ಶನಿವಾರವೇ ನೋಡಿದ್ದರೆ ಮುದುಕಿ ಬದುಕುತ್ತಿದ್ದಳು. ಇದನ್ನು ಅವಳು ಯಾರಿಗೂ ಹೇಳಿರಲಿಲ್ಲ, ಆದರೆ ಊಟಕ್ಕೆ ಕೂತಾಗಲೆಲ್ಲ ನೆನಪಾಗಿ ತಟ್ಟೆ ಸರಿಸಿ ಏಳುತ್ತಿದ್ದಳು.

ಅವಳು ಕಂಡದ್ದು ಇಷ್ಟು. ನಮ್ಮ ರಕ್ತದಲ್ಲಿ ಕಾವಲು ಕಾಯುವ ಬಿಳಿ ಕಣಗಳಿವೆ. ಅವುಗಳಲ್ಲಿ ಒಂದು ಜಾತಿಗೆ ಇಯೋಸಿನೋಫಿಲ್ ಎನ್ನುತ್ತಾರೆ. ಬಣ್ಣ ಹಾಕಿದರೆ ಅವುಗಳ ಹೊಟ್ಟೆಯ ತುಂಬ ಕೆಂಪು ಕಾಳು ಕಾಣುತ್ತದೆ. ದಮ್ಮಿನವರ ಶ್ವಾಸನಾಳದಲ್ಲಿ ಇವು ಬೀಡು ಬಿಡುತ್ತವೆ, ಸಾಯುವ ವೇಳೆ ಬಂದರೂ ಸಾಯುವುದಿಲ್ಲ, ಉರಿ ಎಬ್ಬಿಸಿ ಉಸಿರಿನ ದಾರಿ ಕಟ್ಟುತ್ತವೆ. ಬಿಳಿ ಗುಳಿಗೆ ಮಾಡುವ ಕೆಲಸವೆಂದರೆ ಈ ಹಟಮಾರಿಗಳಿಗೆ ಸಾವು ನೆನಪಿಸುವುದು. ಗುಳಿಗೆ ಹೊಟ್ಟೆಗೆ ಹೋಗುತ್ತಿದ್ದರೆ ರಕ್ತದಲ್ಲಿ ಕೆಂಪು ಕಾಳಿನ ಕಣ ಹುಡುಕಿದರೂ ಸಿಗುವುದಿಲ್ಲ. ವಿಚಿತ್ರವೆಂದರೆ, ನ್ಯೂಟ್ರೋಫಿಲ್ ಎಂಬ ಇನ್ನೊಂದು ಜಾತಿಗೆ ಅದೇ ಗುಳಿಗೆ ಆಯುಷ್ಯ ಹೆಚ್ಚಿಸುತ್ತದೆ, ಅವು ಹಿಂಡುಗಟ್ಟಲೆ ಕಾಣುತ್ತವೆ. ಬಾಯಿಗೆ ಹೊಡೆದುಕೊಳ್ಳುವ ನೀಲಿ ಪಂಪು ಇದೆಯಲ್ಲ, ಅದು ದಾರಿಯನ್ನಷ್ಟೇ ತೆರೆಯುತ್ತದೆ, ಬೀಡು ಬಿಟ್ಟವರನ್ನು ಎಬ್ಬಿಸುವುದಿಲ್ಲ.

ಶಿವಗಂಗಾಬಾಯಿಯ ಯುಗಾದಿಯ ಗಾಜಿನಲ್ಲಿ ನೂರು ಬಿಳಿ ಕಣಕ್ಕೆ ಕೆಂಪು ಕಾಳಿನದು ಒಂದೂ ಇರಲಿಲ್ಲ. ಸಾಯುವ ಮುಂಚಿನ ಶನಿವಾರದ ಗಾಜಿನಲ್ಲಿ ಹತ್ತೊಂಬತ್ತು ಇದ್ದವು. ಅಂದರೆ ಗುಳಿಗೆ ಆಕೆಯ ಹೊಟ್ಟೆಗೆ ಹೋಗುತ್ತಿರಲಿಲ್ಲ.

ಆದರೆ ಆಕೆ ದಿನಾ ಬೆಳಿಗ್ಗೆ ಒಂದು ಬಿಳಿ ಗುಳಿಗೆ ನುಂಗುವುದನ್ನು ಮೀನಲ ಕಣ್ಣಾರೆ ಕಂಡಿದ್ದಳು.

ಫೌಜದಾರರ ಲೆಕ್ಕ ಸೀದಾ ಇತ್ತು. ತಿಂಗಳು ತಿಂಗಳೂ ಸರಿಯಾದ ಗುಳಿಗೆಯನ್ನೇ ಮೀನಲಳ ಕೈಗೆ ಕೊಟ್ಟಿದ್ದೇನೆಂದು ಧನರಾಜ ಹೇಳಿಕೆ ಬರೆಸಿದ್ದ. ಮನೆಯ ಡಬ್ಬಿಯಲ್ಲಿ ಸಿಕ್ಕ ಗುಳಿಗೆ ಬೇರೆ. ಜಯಮಾಲಾ ಅದರ ಮೇಲೆ ನಿಂಬೆರಸ ಹಿಂಡಿದಾಗ ಬುಸುಬುಸು ನೊರೆ ಬಂದಿತ್ತು, ಬರೀ ಕ್ಯಾಲ್ಸಿಯಂ, ಸುಣ್ಣದ ಗುಳಿಗೆ. ಅಂಗಡಿಗೂ ಡಬ್ಬಿಗೂ ನಡುವೆ ಇದ್ದ ಕೈ ಮೀನಲಳದು ಒಂದೇ. ಅದೂ ಅಲ್ಲದೆ ಅವಳು ನಿಲಂಗಾದ ಮರಾಠರ ಹುಡುಗಿ, ಶಿವಗಂಗಾಬಾಯಿಯ ಮಗ ಸುಮಿತನನ್ನು ಮೆಚ್ಚಿ ಬಂದವಳು. ಅತ್ತೆಗೆ ಅವಳು ಬೇಡವಾಗಿದ್ದಳೆಂದು ಹೇಳಲು ಪಂಡಿತನಿಗೆ ಅಷ್ಟು ಸಾಕಾಗಿತ್ತು.

ಇನ್ನು ಗಂಡ ಸುಮಿತ. ಲಾರಿ ಓಡಿಸುವವನು, ತಿಂಗಳಿಗೊಮ್ಮೆ ಮನೆಗೆ ಬರುವವನು. ತಾಯಿಯ ಮಣ್ಣಿಗೆ ಬಂದವನು ಹೆಂಡತಿಯ ಪರವಾಗಿಯೂ ಮಾತಾಡಿರಲಿಲ್ಲ, ವಿರುದ್ಧವೂ ಮಾತಾಡಿರಲಿಲ್ಲ.

ಜಯಮಾಲಾಳಿಗೆ ಆ ಸೀದಾ ಲೆಕ್ಕವೇ ಅನುಮಾನ ಹುಟ್ಟಿಸಿತ್ತು. ನಿನ್ನೆ ಷೇರ್ ಆಟೋ ಹತ್ತಿ ದಾಳಿಂಬಕ್ಕೆ ಹೋದಳು. ಕೈಕಾಲು ತೊಳೆದು, ಕೊರಳ ಲಿಂಗ ಮುಟ್ಟಿಕೊಂಡು, ಶಿವಗಂಗಾಬಾಯಿಯ ದೇವರ ಕೋಣೆಗೆ ಹೋದಳು. ಮೀನಲ ಹೊಸ್ತಿಲಾಚೆಯೇ ನಿಂತಳು. ಲಿಂಗದೀಕ್ಷೆಯಾಗದವರು ಆ ಹೊಸ್ತಿಲು ದಾಟುವಂತಿರಲಿಲ್ಲ, ಆರು ವರ್ಷದಲ್ಲಿ ಮೀನಲ ದಾಟಿರಲಿಲ್ಲ.

ಲಿಂಗಕ್ಕೆ ತೋರಿಸದೆ ಶಿವಗಂಗಾಬಾಯಿ ನೀರೂ ಕುಡಿಯುತ್ತಿರಲಿಲ್ಲ. ಗುಳಿಗೆಗೂ ಅದೇ ನೇಮ. ಸೊಸೆ ತಂದುಕೊಟ್ಟ ಗುಳಿಗೆಯ ಹಾಳೆಗಳನ್ನು ಹೊಸ್ತಿಲಲ್ಲಿ ಇಸಿದುಕೊಂಡು, ಪ್ರತಿ ಸೋಮವಾರ ಒಳಗೆ ಕೂತು ವಾರದ ಏಳನ್ನು ಒಂದೊಂದೇ ಒತ್ತಿ ತೆಗೆದು, ವಿಭೂತಿಯ ಪಕ್ಕದ ಹಿತ್ತಾಳೆ ಡಬ್ಬಿಗೆ ತುಂಬುತ್ತಿದ್ದಳು. ಬೆಳಿಗ್ಗೆ ಪೂಜೆಯಾದ ಮೇಲೆ ಅದರಲ್ಲೊಂದನ್ನು ಲಿಂಗಕ್ಕೆ ತೋರಿಸಿ, ಹೊರಗೆ ಬಂದು, ನೀರಿನೊಂದಿಗೆ ನುಂಗುತ್ತಿದ್ದಳು. ಖಾಲಿ ಹಾಳೆಗಳನ್ನು ಎಸೆದಿರಲಿಲ್ಲ. ಬೆಳ್ಳಗೆ ಮಿಂಚುತ್ತವೆಂದು ದೀಪದ ಹಿಂದಿನ ಗೂಡಿನಲ್ಲಿ ಸಾಲಾಗಿ ಒತ್ತಿ ನಿಲ್ಲಿಸಿದ್ದಳು. ಒಂದೊಂದರ ಬೆನ್ನಿಗೂ ನಿಜವಾದ ಮದ್ದಿನ ಹೆಸರೇ ಅಚ್ಚಾಗಿತ್ತು. ಕಳೆದ ತಿಂಗಳ ಹಾಳೆಯೂ ಅಲ್ಲಿತ್ತು.

ಅಂದಮೇಲೆ ನಿಜವಾದ ಗುಳಿಗೆ ಮುಚ್ಚಿದ ಹಾಳೆಯಲ್ಲೇ ದೇವರ ಕೋಣೆಯವರೆಗೆ ಹೋಗಿತ್ತು. ಅದಲುಬದಲಾದದ್ದು ಆ ಕೋಣೆಯ ಒಳಗೆ. ಒಳಗೆ ಹೋಗಬಲ್ಲವರು ಎಷ್ಟು ಜನ? ಪಂಡಿತ ಆ ಮನೆಗೆ ಕಾಲಿಡದೆ ವರ್ಷಗಳಾಗಿದ್ದವು. ಸುಮಿತ ತಿಂಗಳಿಗೊಂದು ದಿನ. ಪ್ರತಿ ಸೋಮವಾರ ತಪ್ಪದೆ ಹೋಗಿ ಪಾದಪೂಜೆ ಮಾಡಿಸಿಕೊಳ್ಳುತ್ತಿದ್ದವರು ಮನೆತನದ ಅಯ್ಯನವರು, ರಾಚಯ್ಯ.

ಈ ವಿಷಯವನ್ನು ಫೌಜದಾರರಿಗೆ ಬೆಳಿಗ್ಗೆ ಫೋನಿನಲ್ಲಿ ಹೇಳಿದ್ದಳು. ಖಾಲಿ ಹಾಳೆ ಕೋರ್ಟಿನಲ್ಲಿ ಮಾತಾಡುವುದಿಲ್ಲ ಜಯಮಾಲಾಬಾಯಿ, ಆ ಗುಳಿಗೆ ಯಾರ ಹೊಟ್ಟೆಗೆ ಹೋಯಿತು ಅಂತ ತೋರಿಸಿ ಎಂದಿದ್ದರು.

ತೋರಿಸಲಿಕ್ಕೇ ಅವಳು ಅಯ್ಯನವರನ್ನು ಕರೆಸಿದ್ದಳು.

"ಸಕ್ರಿ ಎರಡ್ನೂರಾ ನಲವತ್ತದ" ಎಂದಳು. "ನೀರಡಿಕಿ ಬಾಳ ಆಗತದಲ್ಲರಿ?"

ಅಯ್ಯನವರು ಒಪ್ಪಿದರು. ನೀರಡಿಕೆಯೂ ಇತ್ತು, ಹಸಿವೂ ಇತ್ತು, ಎರಡು ಊಟ ಉಂಡರೂ ಮೂರನೆಯದಕ್ಕೆ ಮನಸ್ಸಾಗುತ್ತಿತ್ತು. ಶಿವ ಕೊಟ್ಟ ಹಸಿವು ಎಂದು ನಕ್ಕರು. ಅವರು ನಕ್ಕಾಗ ಎದೆಯಲ್ಲಿ ಸಿಳ್ಳಿನ ಸದ್ದಿರಲಿಲ್ಲ. ಜಯಮಾಲಾ ಅದನ್ನು ಗಮನಿಸಿದಳು. ಮೂವತ್ತು ವರ್ಷದಿಂದ ಅವರು ಬರುವುದಕ್ಕಿಂತ ಮೊದಲು ಅವರ ಉಸಿರಿನ ಸಿಳ್ಳು ಓಣಿಗೆ ಬರುತ್ತಿತ್ತು.

ದಮ್ಮು ಈಗ ಹೇಗಿದೆ ಎಂದು ಕೇಳಿದಳು. ಅವರು ತಡೆದು, ತಮಗೆಲ್ಲಿಯ ದಮ್ಮು ಎಂದರು.

ಅಲ್ಲೇ ಇತ್ತು ಗಂಟು. ದೇವಣಿ, ಉದಗೀರ, ನಿಲಂಗಾ, ಎಲ್ಲ ಕಡೆಯ ದಮ್ಮಿನವರು ರಾಚಯ್ಯನವರ ಹತ್ತಿರ ಮಂತ್ರಿಸಿದ ವಿಭೂತಿಗೆ ಬರುತ್ತಿದ್ದರು. ವಿಭೂತಿ ಕೊಡುವವನೇ ಡಾಕ್ಟರ ಬಾಗಿಲಲ್ಲಿ ಸರತಿ ನಿಂತರೆ ಆ ವಿಭೂತಿಯನ್ನು ಯಾರು ಒಯ್ದಾರು? ಹಾಗಾಗಿ ತಮಗಿರುವುದು ಶೀತವೆಂದು ಹೇಳಿಕೊಂಡೇ ಅವರು ಮೂವತ್ತು ವರ್ಷ ತೇಕಿದ್ದರು.

ಜಯಮಾಲಾ ಸೋಮವಾರದ ಪಾದಪೂಜೆಯ ಸುದ್ದಿ ಎತ್ತಿದಳು. ದೇವರ ಕೋಣೆಯಲ್ಲಿ ಹಿತ್ತಾಳೆ ಡಬ್ಬಿ ನೋಡಿದ್ದೀರಾ ಎಂದು ಕೇಳಿದಳು. ನೋಡಿಲ್ಲ ಎಂದರು. ಶಿವಗಂಗಾಬಾಯಿ ಗುಳಿಗೆ ತಗೊಳ್ಳುತ್ತಿದ್ದದ್ದು ಗೊತ್ತೇ ಎಂದಳು. ಭಕ್ತರ ಮದ್ದುಮಾಯದ ಉಸಾಬರಿ ನನಗ್ಯಾಕೆ ಎಂದರು. ಉತ್ತರ ಕೊಡುತ್ತ ಕೊಡುತ್ತ ಅವರ ಕಣ್ಣು ಎರಡು ಸಲ ಹಸಿರು ಪರದೆಯ ಕಡೆ ಹೋಯಿತು. ಬಾಗಿಲ ಕಡೆ ನೋಡುವ ಬದಲು ಪರದೆಯ ಕಡೆ ಯಾಕೆ ನೋಡುತ್ತಾರೆ ಎಂದು ಜಯಮಾಲಾಳಿಗೆ ತಿಳಿಯಲಿಲ್ಲ.

ಹನ್ನೆರಡು ನಿಮಿಷವಾಯಿತು. ಗಾಜು ತೊಳೆದು, ಗಾಳಿಗೆ ಹಿಡಿದು ಒಣಗಿಸಿ, ಎಣ್ಣೆಯ ಒಂದು ತೊಟ್ಟು ಇಟ್ಟು ಸೂಕ್ಷ್ಮದರ್ಶಕದ ಕೆಳಗೆ ಸೇರಿಸಿದಳು.

ಎಣಿಸತೊಡಗಿದಳು. ನ್ಯೂಟ್ರೋಫಿಲ್, ನ್ಯೂಟ್ರೋಫಿಲ್, ಮತ್ತೆ ನ್ಯೂಟ್ರೋಫಿಲ್. ಹತ್ತಾಯಿತು, ನಲವತ್ತಾಯಿತು, ನೂರಾಯಿತು. ನಂಬಿಕೆ ಬರದೆ ಇನ್ನೂ ನೂರು ಎಣಿಸಿದಳು. ಕೆಂಪು ಕಾಳಿನ ಕಣ ಒಂದೂ ಇರಲಿಲ್ಲ.

ಎದ್ದು ಮರದ ಪೆಟ್ಟಿಗೆಯಿಂದ ಇನ್ನೊಂದು ಗಾಜು ತೆಗೆದಳು. ಹೋದ ದೀಪಾವಳಿಯ ಹೊತ್ತಿಗೆ ಅಯ್ಯನವರಿಗೆ ಜ್ವರ ಬಂದಾಗ ಮಲೇರಿಯಾ ಇದೆಯೇ ಎಂದು ನೋಡಲು ಮಾಡಿದ ಗಾಜು ಅದು. ಅದನ್ನು ಇಟ್ಟು, ಅಯ್ಯನವರನ್ನು ಎಬ್ಬಿಸಿ, ಒಂದು ಕಣ್ಣು ಮುಚ್ಚಿ ನೋಡಲು ಹೇಳಿದಳು.

"ಕೆಂಪು ಕಾಳು ತುಂಬಿಕೊಂಡವು ಕಾಣಲತ್ತಾವೇನ್ರೀ?"

"ಕಾಣಲತ್ತಾವ."

"ಅದು ಹೋದ ವರ್ಷದ ನಿಮ್ಮ ರಕ್ತ. ನೂರಕ್ಕ ಹದಿನಾಲ್ಕು ಇದ್ದವು." ಗಾಜು ಬದಲಿಸಿದಳು. "ಇದು ಈಗಿಂದು. ಹುಡುಕ್ರಿ."

ಅಯ್ಯನವರು ಬಹಳ ಹೊತ್ತು ಹುಡುಕಿದರು. ಅವರ ಕೈಗೆ ಜಯಮಾಲಾ ತನ್ನ ಕೈಯಿಂದ ಗಾಜು ಸರಿಸುವುದನ್ನು ತೋರಿಸಿಕೊಟ್ಟಳು. ಹಾಗೆ ಬಗ್ಗಿದಾಗ ಅವರ ಮುಂಗೈಯ ಮೇಲೆ ತಾನಾಗಿ ಮೂಡಿದ ನೇರಳೆ ಕಲೆಗಳು ಕಂಡವು. ಬರಿಯ ಗಾಜನ್ನು ನಂಬಿ ಒಬ್ಬರ ಮೇಲೆ ಬೆರಳು ತೋರಿಸಬಾರದು, ಜ್ವರ ಬಂದರೂ ಆ ಕಣಗಳು ಮರೆಯಾಗುತ್ತವೆ ಎಂದು ಅವಳಿಗೆ ಗೊತ್ತಿತ್ತು. ಆದರೆ ಕಲೆ, ಕೆನ್ನೆ, ಸಕ್ಕರೆ, ಹಸಿವು, ಸಿಳ್ಳು ನಿಂತ ಎದೆ, ಎಲ್ಲವೂ ಕೂಡಿ ಒಂದೇ ಮಾತು ಹೇಳುತ್ತಿದ್ದವು.

"ಮಂತ್ರಕ್ಕ ಇವು ಸಾಯೋದಿಲ್ಲರಿ ಅಯ್ಯನೋರೆ" ಎಂದಳು. "ಆ ಗುಳಿಗಿಗಿ ಸಾಯ್ತಾವ. ಶಿವಗಂಗಾಬಾಯಿ ಗುಳಿಗಿ ನಿಮ್ಮ ಹೊಟ್ಟ್ಯಾಗ ಹೋಗ್ಯಾವ."

ರಾಚಯ್ಯನವರು ಕುರ್ಚಿಗೆ ಹಿಂದಿರುಗಿದರು. ಸಿಟ್ಟಾದರು. ಜಂಗಮನನ್ನು ಕಳ್ಳನೆಂದವರ ಮನೆ ಉದ್ಧಾರವಾಗುವುದಿಲ್ಲ ಎಂದರು. ಜೋಳಿಗೆ ಎತ್ತಿಕೊಂಡು ಹೊರಟೇಬಿಟ್ಟರು. ಬಾಗಿಲಿಗೆ ಹೋಗಬೇಕಾದರೆ ಮೀನಲಳ ಬೆಂಚು ದಾಟಿ ಹೋಗಬೇಕಿತ್ತು.

ಮೀನಲ ಎದ್ದು ನಿಂತಳು. ಕನ್ನಡ ಅವಳಿಗೆ ಮದುವೆಯ ಮೇಲೆ ಕಲಿತ ಮಾತು. ಶಬ್ದ ಹುಡುಕಿಕೊಂಡು, ಮೆಲ್ಲಗೆ ಕೇಳಿದಳು.

"ಅತ್ತಿನೇ ನಿಮಗ ಕೊಟ್ಟಾಳೇನ್ರೀ? ಕೊಟ್ಟಿದ್ರ ಅಷ್ಟು ಹೇಳ್ರಿ. ನಾ ನಿಮಗ ಏನೂ ಅನ್ನಲ್ಲ."

ಅಯ್ಯನವರು ನಿಂತರು. ಆ ಮನೆಯಲ್ಲಿ ಆರು ವರ್ಷ ಪಾದಪೂಜೆಗೆ ನೀರು ಕಾಯಿಸಿ ಹೊಸ್ತಿಲಿಗೆ ತಂದಿಟ್ಟವಳು ಈ ಹುಡುಗಿ. ಅವಳ ಮುಖವನ್ನು ಅವರು ನೆಟ್ಟಗೆ ನೋಡಿದ್ದು ಬಹುಶಃ ಇವತ್ತೇ ಮೊದಲು. ನೋಡಲಾಗಲಿಲ್ಲ. ಜೋಳಿಗೆ ಕೆಳಗಿಟ್ಟು, ಅಲ್ಲೇ ಬೆಂಚಿನ ತುದಿಗೆ ಕೂತು, ಹೆಗಲ ವಸ್ತ್ರದಿಂದ ಕಣ್ಣೊರೆಸಿಕೊಂಡರು. ಜಯಮಾಲಾಳಿಗೆ ಗೆದ್ದೆನೆಂಬ ಸಂತೋಷವಾಗಲಿಲ್ಲ. ಅಜ್ಜನ ವಯಸ್ಸಿನವರನ್ನು ಅಳಿಸಿದೆನಲ್ಲ ಎಂದು ಕೆಡುಕೆನಿಸಿತು.

ಅವರು ಹೇಳಿದ್ದು ತುಂಡು ತುಂಡಾಗಿತ್ತು. ನಾಗರ ಪಂಚಮಿಯ ಆಚೀಚೆ ರಾತ್ರಿ ಮಲಗಲಾಗದೆ ಗೋಡೆಗೊರಗಿ ಕೂರುವ ಹಾಗಾಗಿತ್ತು. ಸೋಮವಾರ ಶಿವಗಂಗಾಬಾಯಿ ಪಾದ ತೊಳೆದು, ಏನು ಅಪ್ಪಣೆ ಎಂದು ಕೇಳಿದಾಗ, ನಿನ್ನ ಗುಳಿಗೆ ಕೊಡು ಎಂದು ಬೇಡಿದರು. ಜಂಗಮ ಬಾಯಿ ಬಿಟ್ಟು ಬೇಡಿದ್ದನ್ನು ಇಲ್ಲವೆನ್ನುವ ಹೆಂಗಸಲ್ಲ ಆಕೆ. ಮೊದಲ ವಾರ ಮೂರು ಕೊಟ್ಟಳು. ಶ್ರಾವಣ ಮುಗಿಯುವಷ್ಟರಲ್ಲಿ ಏಳಕ್ಕೆ ಏಳನ್ನೂ ಕೊಡುತ್ತಿದ್ದಳು. ಬದಲಿಗೆ ಅಯ್ಯನವರು ಬೇರೆ ಬಿಳಿ ಗುಳಿಗೆ ತಂದು ಆಕೆಯ ಡಬ್ಬಿಗೆ ಹಾಕುತ್ತಿದ್ದರು.

"ಇದೂ ಅದೇ ಮದ್ದು, ಶಕ್ತಿ ತುಸು ಕಡಿಮಿ ಅಂತ ನಾ ಆಕಿಗಿ ಹೇಳ್ದೆ. ನನಗೂ ಹಂಗೇ ಹೇಳಿದ್ರು ತಾಯಿ. ಆಕಿ ಸಾಯ್ತಾಳಂತ ನನಗ ಗೊತ್ತಿರಲಿಲ್ಲ. ಲಿಂಗದಾಣಿ ಗೊತ್ತಿರಲಿಲ್ಲ."

ಜಯಮಾಲಾ ಕೇಳಬೇಕಾದ ಪ್ರಶ್ನೆ ಒಂದೇ ಉಳಿದಿತ್ತು. ಅದಕ್ಕಿಂತ ಮೊದಲು ಇನ್ನೊಂದನ್ನು ಕೇಳಿದಳು. ಅಯ್ಯನವರ ಹತ್ತಿರ ಈಗ ಎಷ್ಟು ಗುಳಿಗೆ ಉಳಿದಿವೆ? ಒಂದೂ ಇಲ್ಲ. ಹೋದ ಸೋಮವಾರ ತಂದ ಏಳರಲ್ಲಿ ಕಡೆಯದು ಇವತ್ತು ಬೆಳಿಗ್ಗೆ ಮುಗಿದಿತ್ತು.

ಆಕೆ ಅವರಿಗೆ ತಿಳಿಸಿ ಹೇಳಿದಳು. ಈ ಗುಳಿಗೆಯನ್ನು ತಿಂಗಳುಗಟ್ಟಲೆ ತಿಂದವರು ಫಕ್ಕನೆ ಬಿಡುವ ಹಾಗಿಲ್ಲ. ಮೈ ತಾನು ಮಾಡಿಕೊಳ್ಳಬೇಕಾದದ್ದನ್ನು ಮರೆತಿರುತ್ತದೆ. ಬಿಟ್ಟರೆ ಅತ್ತ ಮೈ ಸೋಲುತ್ತದೆ, ಇತ್ತ ಎದೆಯಲ್ಲಿ ಆ ಕೆಂಪು ಕಾಳಿನ ಕಣಗಳು ಮತ್ತೆ ಬೀಡು ಬಿಡುತ್ತವೆ. ಶಿವಗಂಗಾಬಾಯಿಗೆ ಆದದ್ದು ಅದೇ. ನಾಳೆ ಬೆಳಿಗ್ಗೆ ಅವರನ್ನು ಉದಗೀರದ ಡಾಕ್ಟರ ಹತ್ತಿರ ಕರೆದೊಯ್ಯುತ್ತೇನೆ, ಅಲ್ಲಿಯವರೆಗೆ ಬೇರೆ ಯಾರು ಕೊಟ್ಟದ್ದನ್ನೂ ಬಾಯಿಗೆ ಹಾಕಬಾರದು ಎಂದಳು.

ಆಮೇಲೆ ಕೇಳಿದಳು.

"ಆ ಸುಣ್ಣದ ಗುಳಿಗಿ ನಿಮಗ ಯಾರು ಕೊಟ್ರು?"

ಅಯ್ಯನವರು ಮತ್ತೆ ಪರದೆಯ ಕಡೆ ನೋಡಿದರು. ಈ ಸಲ ಕಣ್ಣು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

ಪರದೆಯಾಚೆ ನಗು ಯಾವಾಗಲೋ ನಿಂತುಹೋಗಿತ್ತು. ಉತ್ತರ ಬರುವ ಮುಂಚೆಯೇ ಅದು ಏನೆಂದು ಗೊತ್ತಾಗಿ, ಬರದೇ ಇದ್ದರೆ ಸಾಕೆಂದು ಜಯಮಾಲಾಳ ಮನಸ್ಸು ಬೇಡಿಕೊಂಡಿತು.

"ಬರೇ ಕೊಟ್ಟಿದ್ದಲ್ಲ ತಾಯಿ" ಎಂದರು ರಾಚಯ್ಯ. "ಅಂವಾ ಖುದ್ದ ನನ್ನ ಮಠಕ್ಕ ಬಂದಿದ್ದ. ಮುದುಕಿಗಿ ರೋಗ ವಾಸಿ ಆಗ್ಯದ, ಸುಮ್ಮ ತಿನ್ನಲತ್ತಾಳ, ಸೋಮವಾರ ನೀವು ಬೇಡ್ರಿ, ನಿಮಗ ಇಲ್ಲ ಅನ್ನೋದಿಲ್ಲ ಅಂದ. ಬೇಡೋ ಮಾತು ನನಗ ಕಲಿಸಿದಾಂವ ಅಂವಾ. ನಿನ್ನ ತಮ್ಮ ಧನರಾಜ."

ತಿಂಗಳು ತಿಂಗಳೂ ಸರಿಯಾದ ಗುಳಿಗೆ ಕೊಟ್ಟೆ ಎಂದು ಅವನು ಬರೆಸಿದ ಹೇಳಿಕೆ ಜಯಮಾಲಾಳಿಗೆ ನೆನಪಾಯಿತು. ಅದರಲ್ಲಿ ಒಂದು ಅಕ್ಷರವೂ ಸುಳ್ಳಿರಲಿಲ್ಲ. ಸುಳ್ಳಿಲ್ಲದ ಆ ಮಾತಿನಿಂದಲೇ ಅವನು ಮೀನಲಳ ಕೊರಳಿಗೆ ಹಗ್ಗ ಹೆಣೆದಿದ್ದ.

ಹೊರಗೆ ಹೆದ್ದಾರಿಯ ಕಡೆಯಿಂದ ತಿರುಗಿದ ಜೀಪು ಅಂಗಡಿಯ ಮುಂದೆ ನಿಂತಿತು. ಗಡಿಯಾರದಲ್ಲಿ ನಾಲ್ಕಕ್ಕೆ ಐದು ನಿಮಿಷವಿತ್ತು.

ಪರದೆ ಸರಿಯಿತು. ಧನರಾಜ ಒಳಗೆ ಬಂದ. ಮುಖದಲ್ಲಿ ಗಾಬರಿಯಿರಲಿಲ್ಲ. ಯಾವಾಗಲೂ ಚಹಾ ತರುವವನ ಹಾಗೇ ಬಂದ. ಅಕ್ಕನನ್ನು ನೋಡದೆ ಅಯ್ಯನವರ ಮುಂದೆ ಮಂಡಿಯೂರಿ, ಮುಚ್ಚಿದ್ದ ಮುಷ್ಟಿ ತೆರೆದ. ಅಂಗೈಯಲ್ಲಿ ಬಿಳಿ ಗುಳಿಗೆಗಳಿದ್ದವು. ಹಾಳೆಯಿಂದ ತೆಗೆದವು, ಹೆಸರಿಲ್ಲದವು, ಏಳು.

"ನಾಳಿಗಿ ನಿಮ್ಮ ಹತ್ತಿರ ಇಲ್ಲಲ್ಲರಿ ಅಯ್ಯನೋರೆ. ತಗೋರಿ."

ಅವು ಪ್ರಾಣ ಉಳಿಸುವ ಗುಳಿಗೆಯೋ ಸುಣ್ಣದ ಗುಳಿಗೆಯೋ, ಹದಿನಾರು ವರ್ಷ ಸೂಕ್ಷ್ಮದರ್ಶಕ ನೋಡಿದ ಕಣ್ಣಿಗೂ ತಿಳಿಯುವ ಹಾಗಿರಲಿಲ್ಲ. ಈಗಷ್ಟೇ ಹೇಳಿದ ಮಾತು ಅಯ್ಯನವರಿಗೆ ಮರೆತುಹೋಯಿತೋ, ಇಲ್ಲ ನೀಡಿದ್ದಕ್ಕೆ ಕೈಯೊಡ್ಡುವ ಜನ್ಮದ ಅಭ್ಯಾಸವೋ, ಅವರ ಬೊಗಸೆ ಮುಂದಕ್ಕೆ ಬಂತು. ಜಯಮಾಲಾ ನಡುವೆ ನುಗ್ಗಿ ತಮ್ಮನ ಮಣಿಕಟ್ಟು ಹಿಡಿದಳು. ಚಿಕ್ಕವನಿದ್ದಾಗ ರಸ್ತೆ ದಾಟಿಸಲು ಹಿಡಿಯುತ್ತಿದ್ದ ಕೈ ಅದು. ಗುಳಿಗೆಗಳು ನೆಲಕ್ಕೆ ಚೆಲ್ಲಿದವು.

ಫೌಜದಾರರು ಬಾಗಿಲಲ್ಲಿ ಬಂದು ನಿಂತರು. ಅಂಗಡಿಯವನ ಮಣಿಕಟ್ಟು ಹಿಡಿದ ಅಕ್ಕ, ಅಳುತ್ತ ಕೂತ ಅಯ್ಯ, ನೆಲದ ಮೇಲಿನ ಗುಳಿಗೆ, ಒಂದೊಂದನ್ನೇ ನೋಡಿದರು. ರಿಪೋರ್ಟು ತಯಾರಾಯಿತೇ ಎಂದು ಮರಾಠಿಯಲ್ಲಿ ಕೇಳಿದರು.

ತಯಾರಾಗಿದೆ, ಆದರೆ ಮೀನಲಳನ್ನು ಒಯ್ಯಬೇಡಿ ಎಂದಳು ಜಯಮಾಲಾ. ಗುಳಿಗೆ ಯಾರ ಹೊಟ್ಟೆಗೆ ಹೋಯಿತೆಂದು ತೋರಿಸುತ್ತೇನೆ ಎಂದಳು.

"ಹಾಗಾದರೆ ಯಾರನ್ನು ಒಯ್ಯಲಿ?" ಎಂದರು ಫೌಜದಾರರು.

ಮೀನಲಳ ಕಣ್ಣು ತನ್ನ ಮೇಲಿದೆಯೆಂದು ತಿರುಗಿ ನೋಡದೆಯೂ ಜಯಮಾಲಾಳಿಗೆ ಗೊತ್ತಿತ್ತು. ಈ ಹುಡುಗಿಯನ್ನು ಉಳಿಸಬೇಕಾದರೆ ಒಂದು ಹೆಸರು ಹೇಳಬೇಕು, ಆ ಹೆಸರು ಇಟ್ಟವಳು ತಾನೇ, ತೊಟ್ಟಿಲು ತೂಗಿದವಳೂ ತಾನೇ.

"ಹೇಳು ಅಕ್ಕಾ" ಎಂದ ಧನರಾಜ. ಕೈ ಬಿಡಿಸಿಕೊಳ್ಳಲಿಲ್ಲ. ಫೌಜದಾರರಿಗೆ ತಿಳಿಯದಂತೆ ಕನ್ನಡದಲ್ಲಿ, ತಗ್ಗಿದ ದನಿಯಲ್ಲಿ ಮಾತು ಮುಂದುವರಿಸಿದ. "ನನ್ನ ಹೆಸರು ಹೇಳು. ನಾ ಇಲ್ಲ ಅನ್ನಲ್ಲ. ಆದರ ನನಗ ರೊಕ್ಕ ಕೊಟ್ಟು ಅಯ್ಯನೋರ ಹತ್ತಿರ ಕಳಿಸಿದಾಂವ ಬ್ಯಾರೆ ಅದಾನ. ಆ ಜೀಪಿನಾಗೇ ಕುಂತಾನ."

ಜಯಮಾಲಾ ರಸ್ತೆಯ ಕಡೆಯ ಕಿಟಕಿಯಿಂದ ನೋಡಿದಳು. ಜೀಪಿನ ಹಿಂದಿನ ಸೀಟಿನಲ್ಲಿ ಇಬ್ಬರು ಕೂತಿದ್ದರು. ಒಬ್ಬ ಫಿರ್ಯಾದಿ ಪಂಡಿತ. ಇನ್ನೊಬ್ಬ ಮೀನಲಳ ಗಂಡ ಸುಮಿತ.

ಧನರಾಜನ ಮಾತು ಮೀನಲಳಿಗೂ ಕೇಳಿಸಿತ್ತು. ಅವಳು ಕಿಟಕಿಯ ಹತ್ತಿರ ಬಂದು, ಜೀಪಿನಲ್ಲಿ ಕೂತ ಗಂಡನನ್ನೇ ನೋಡುತ್ತ ನಿಂತಳು. ಸುಮಿತ ಅವಳ ಕಣ್ಣು ತಪ್ಪಿಸಿ ಮುಖ ಆಚೆ ತಿರುಗಿಸಿಕೊಂಡ.